ನಲವತ್ತೆರಡನೆಯ ಪೆಟ್ಟಿಗೆ

ಬಾಗಿಲು ದೂಡಿಕೊಂಡೇ ಬಾ, ಕೀಲು ಬಿಗಿದಿದೆ.
ಚಳಿಗಾಲ ಮುಗಿದ ಸುದ್ದಿ ಈ ಉಗ್ರಾಣಕ್ಕೆ ಮುಟ್ಟುವುದು
ಮೇ ತಿಂಗಳಿಗೆ.
ನಾನು ಎಟೆಲ್ಕಾ. ಇಪ್ಪತ್ತೊಂಬತ್ತು ವರ್ಷದಿಂದ
ಕಲ್ಲು ಕಾಯುವ ಕೆಲಸ.
ಕಲ್ಲನ್ನು ಯಾರು ಕದಿಯುತ್ತಾರೆಂದು ನಗು, ಪರವಾಗಿಲ್ಲ,
ಬುಡಾಪೆಸ್ಟಿನಿಂದ ಬಂದವರೆಲ್ಲ ಮೊದಲು ನಗುವುದೇ ಹೀಗೆ.

ಇಗೋ, ಈ ಜಾಲಾ ಗುಡ್ಡಗಳ ಅಡಿಯಿಂದ
ಬೈರಿಗೆ ಕಚ್ಚಿ ತಂದದ್ದು,
ತೋಳುದ್ದದ ಕಂಬಗಳು, ಪೆಟ್ಟಿಗೆಗೆ ನಾಲ್ಕು.
ಮೂವತ್ತೊಂಬತ್ತು: ಬೂದು ಜೇಡಿ. ಉಸಿರಿಲ್ಲ, ಬಿರುಕಿಲ್ಲ.
ಕಡಲು ಮರಳಿ ಬಂದು ಜಡಿದ ಮುಚ್ಚಳ.
ನಲವತ್ತು: ಕೆಂಪು ಮಣ್ಣು. ಬೆರಳಿಟ್ಟು ನೋಡು.
ಎಂಟು ಕೋಟಿ ವರ್ಷದ ಹಿಂದೆ ಇದೇ ನೆಲ,
ಇದರ ಮೇಲೆ ಬಿಸಿಲು ಬಿದ್ದಿತ್ತು.
ನಲವತ್ತೊಂದು: ಚೂರು, ಚೂರಿನ ನಡುವೆ ಚೂರು,
ಕೈಜಾರಿದ ತಟ್ಟೆಯನ್ನು ಯಾರೋ ಕೂತು ಅಂಟಿಸಿದ ಹಾಗೆ.
ಒಂದು ಗವಿಯ ಸೂರು ಕುಸಿದ ದಿನ
ಯಾರ ಕಿವಿಗೂ ಬೀಳದ ಸದ್ದು
ಇದರೊಳಗೆ ಗಟ್ಟಿಯಾಗಿ ಕೂತಿದೆ.

ನಲವತ್ತೆರಡು ಖಾಲಿ.

ಹೌದು, ಖಾಲಿಯೇ. ಮುಚ್ಚಿಡು, ಧೂಳು ಕೂರುತ್ತದೆ.

ನನಗಾಗ ಹತ್ತೊಂಬತ್ತು. ಕೊರೆಯುವ ಕೆಸರಿನ ತೂಕ ನೋಡುವ ಹುಡುಗಿ.
ನಡುರಾತ್ರಿ ತೊಟ್ಟಿಯ ಕೆಸರು ಇಳಿಯಿತು
ಒಂದು ಗೇಣು, ಒಂದು ಮೊಳ,
ಆಮೇಲೆ ತಳ ಕಂಡಿತು.
ಬ್ರೇಕಿನ ಮೇಲಿದ್ದ ಗೊಂಬಾರ್ ದೆಜೋನ ಕೈಯಿಂದ
ಇಡೀ ಕೊಳವೆ ಸಾಲು ದಡಕ್ಕನೆ ಜಾರಿತು,
ಎರಡು ಮೀಟರ್ ನಲವತ್ತು ಸೆಂಟಿಮೀಟರ್,
ಕತ್ತಲಲ್ಲಿ ಇಲ್ಲದ ಮೆಟ್ಟಿಲನ್ನು ಕಾಲು ತುಳಿದ ಹಾಗೆ.
ಅವನು ಟೋಪಿ ತೆಗೆದ.
ದೇವರ ಹೆಸರು ಹೇಳಬಾರದ ಕಾಲ ಅದು; ಹೇಳಲಿಲ್ಲ.
ಬಾಯಿ ಮಾತ್ರ ಆಡಿತು.

ಸುರಿದೆವು. ಹುಲ್ಲು, ಮರದ ಹೊಟ್ಟು, ಅಕ್ರೋಟಿನ ಓಡು,
ಕೊನೆಗೆ ಅಡುಗೆಯ ವಲೇರಿಯಾ ಸಿಟ್ಟಿಗೆದ್ದು
ತನ್ನ ಹರಿದ ಹಾಸಿಗೆಯ ಬಾತಿನ ಗರಿಗಳನ್ನೂ.
ನುಂಗಿತು. ತೇಗಲೂ ಇಲ್ಲ.
ಮೂರನೆಯ ದಿನ ಕಪ್ಪು ಬಂತು,
ದಪ್ಪಗೆ, ನಿಧಾನಕ್ಕೆ, ಗಂಧಕದ ನಾತದೊಡನೆ,
ಯಾರಿಗೂ ಹೆದರದ ಮುದುಕಿಯಂತೆ.

ಹನಿ ಹನಿ ಸೇರಿದರೆ ಹಳ್ಳ, ಸರಿ.
ಇಲ್ಲಿನ ಹನಿ ಹಳ್ಳವಾಗಲು ಹೊರಗೆ ಕಾಯಲಿಲ್ಲ;
ಬೇರಿನ ಹುಳಿ ಹೊತ್ತು ಬಿರುಕಿಗಿಳಿದು
ಚಿಪ್ಪು ಚಿಪ್ಪು ಕೂಡಿ ಕಡಲು ಕಟ್ಟಿದ್ದನ್ನು
ನೆಕ್ಕಿ ನೆಕ್ಕಿ ಕೋಣೆ ಮಾಡಿತು, ಓಣಿ ಮಾಡಿತು,
ಬಾಗಿಲು ಮರೆತು ಹೊರಟುಹೋಯಿತು.
ಯಾರಿಗೆಂದು ಗೊತ್ತಿಲ್ಲದೆ ಕಟ್ಟಿದ ಮನೆ.
ನೆಲ ಮುಳುಗಿತು, ಎರಡು ಸಾವಿರ ಮೀಟರ್.
ಬಹಳ ತಡವಾಗಿ, ಕೆಳಗಿನಿಂದ,
ಬಾಡಿಗೆದಾರ ಬಂದ.

ಮುನ್ನೂರು ಹೆಜ್ಜೆ ಆಚೆ, ಕುಟಾಶಿಯ ಪ್ಲಮ್ ತೋಟದಲ್ಲಿ,
ಇನ್ನೊಂದು ಕೊರೆದರು.
ಅದೇ ಕಲ್ಲು, ಅದೇ ವಯಸ್ಸು, ಅದೇ ಆಳ.
ಒಂದು ಚಮಚ ಬರಲಿಲ್ಲ.
ಆ ಮಳೆ ಅಲ್ಲೊಂದು ಬಿರುಕು ಹುಡುಕಿರಲಿಲ್ಲ, ಅಷ್ಟೇ.
ಕುಟಾಶಿ ಮಾತ್ರ ಸಾಯುವವರೆಗೂ
ಕಡಿದ ಹದಿನಾರು ಮರಗಳ ಲೆಕ್ಕ ಕೇಳುತ್ತಿದ್ದ.

ಅರವತ್ತೊಂದರಲ್ಲಿ ಒಬ್ಬ ತನಿಖೆಯವನು ಬಂದ:
ಏನೂ ಇಲ್ಲದ್ದಕ್ಕೆ ಕಪಾಟಿನಲ್ಲಿ ಜಾಗವೇಕೆ?
ಪೆಟ್ಟಿಗೆ ಒಡೆದು ಒಲೆಗೆ ಹಾಕಿಸಿದ.
ಅವನ ಕಾರು ತಿರುವು ದಾಟುವ ಮೊದಲೇ
ಹೊಸ ಹಲಗೆ ಗರಗಸಕ್ಕೆ ಕೊಟ್ಟಿದ್ದೆ.
ಉಳಿದ ಪೆಟ್ಟಿಗೆಗಳಲ್ಲಿರುವುದು ಗೋಡೆ, ತಮ್ಮಾ.
ಎಣ್ಣೆ ಇದ್ದದ್ದು ಇದರಲ್ಲಿ.

ಭಾನುವಾರ ಮಂಡಿನೋವಿಗೆ ಹೇವೀಜ್ ಕೆರೆಗೆ ಹೋಗುತ್ತೇನೆ.
ರಬ್ಬರಿನ ಉಂಗುರದಲ್ಲಿ ತೇಲುವ ನೂರು ಮುದುಕರು,
ನೈದಿಲೆಗಳ ನಡುವೆ ನೂರು ಟೋಪಿ.
ಅಡಿಯಿಂದ ಬಿಸಿನೀರು ಬೆನ್ನು ಮುಟ್ಟುತ್ತದೆ:
ಅಲ್ಲಿ ಕಲ್ಲು ಇನ್ನೂ ಕೆಲಸದಲ್ಲಿದೆ.
ಕಣ್ಣು ಮುಚ್ಚಿ ಲೆಕ್ಕ ಹಾಕಲು ನೋಡುತ್ತೇನೆ,
ಇವತ್ತು ಎಷ್ಟು ಕರಗಿತು, ಉಗುರಿನಷ್ಟೋ, ಅದೂ ಇಲ್ಲವೋ.
ನಿದ್ದೆ ಬಂದುಬಿಡುತ್ತದೆ.

ನಿನ್ನ ಕಂಪ್ಯೂಟರಿಗೆ ಪ್ರತಿ ಪೆಟ್ಟಿಗೆಗೂ ಒಂದು ಅಂಕಿ ಬೇಕಂತಲ್ಲ,
ರಂಧ್ರ ಎಷ್ಟು, ಶೇಕಡ ಎಷ್ಟು.
ನಲವತ್ತೆರಡಕ್ಕೆ ಏನು ಬರೆಯುತ್ತೀಯೋ ನೋಡೋಣ.
ಪೆನ್ಸಿಲು ಕಿಟಕಿಯ ಹತ್ತಿರ, ಡಬ್ಬದಲ್ಲಿದೆ.
ಹೋಗುವಾಗ ಬಾಗಿಲನ್ನು ಸ್ವಲ್ಪ ಎತ್ತಿ ಎಳೆ,
ಇಲ್ಲದಿದ್ದರೆ ಕೂರುವುದಿಲ್ಲ.